ಹತ್ತರಲ್ಲಿ ಆರು

೯ ಫೆಬ್ರವರಿ

ಪ್ರೀತಿಯ ತಂಗಿ,

ನಿನ್ನೆ ಬಸ್ಸು ಹೊರಡುವವರೆಗೂ ಕಿಟಕಿಯ ಸರಳು ಹಿಡಿದು ನಿಂತಿದ್ದೆನಲ್ಲ, ಹೇಳಬೇಕಾದ ಮಾತು ನಾಲಗೆಯ ತುದಿಯವರೆಗೆ ಬಂದಿತ್ತು. ಅಷ್ಟರಲ್ಲಿ ನಿನ್ನ ಮಗಳು ಜೀರಿಗೆ ಮಡಿಲಿನಿಂದೆದ್ದು, ಅಕ್ಕಪಕ್ಕದವರಿಗೆಲ್ಲ ಬಾಯಿ ತೆರೆದು ತೋರಿಸಿ, "ನೋಡಿ, ನಮ್ಮ ದೊಡ್ಡಮ್ಮ ಒಳಗೆಲ್ಲ ಸ್ಟೀಲ್ ಪಾತ್ರೆ ಜೋಡ್ಸಿದಾರೆ!" ಎಂದಳು. ಬಸ್ಸಿಗೆ ಬಸ್ಸೇ ನಕ್ಕಿತು. ನೀನೂ ನಕ್ಕೆ. ಎಷ್ಟೋ ದಿನಗಳ ಮೇಲೆ ನಕ್ಕ ನಿನ್ನ ಮುಖವನ್ನು ನೋಡುತ್ತ ನನಗೆ ಹೇಳಲಾಗಲಿಲ್ಲ. ಫೋನಿನಲ್ಲಿ ಹೇಳಿದರೆ ಎರಡನೆಯ ಮಾತಿಗೇ ಜಗಳವಾಗುತ್ತದೆ. ಆದ್ದರಿಂದ ಬರೆಯುತ್ತಿದ್ದೇನೆ.

ಹಲ್ಲಿನ ಕೆಲಸ ಅಚ್ಚುಕಟ್ಟಾಗಿ ಮುಗಿದಿದೆ. ಅರಿವಳಿಕೆಯಲ್ಲಿ ಮಗು ತೊಂದರೆ ಕೊಡಲಿಲ್ಲ. ಕೀಳಲೇಬೇಕಾಗಿದ್ದ ಎರಡು ಹಲ್ಲುಗಳನ್ನು ಕಿತ್ತು, ನಾಲ್ಕು ದವಡೆಹಲ್ಲುಗಳಿಗೆ ಉಕ್ಕಿನ ಟೋಪಿ ತೊಡಿಸಿದ್ದೇನೆ. ಇಂದು ಆ ಬಾಯಿಯಲ್ಲಿ ಒಂದೂ ಹುಳುಕಿಲ್ಲ. ಆದರೆ ನಮ್ಮ ಆಸ್ಪತ್ರೆಯ ಹೃದಯದ ಶಸ್ತ್ರವೈದ್ಯರು ನನ್ನಿಂದ ಕೇಳುವುದು ಇಂದಿನ ಮಾತನ್ನಲ್ಲ. ಜೀರಿಗೆಯ ಹೃದಯದ ತೂತನ್ನು ಅವರು ತೇಪೆ ಹಾಕಿ ಮುಚ್ಚುತ್ತಾರೆ. ಆಮೇಲೆ ಹಲ್ಲು ಮತ್ತೆ ಹುಳುಕಾದರೆ ಅಲ್ಲಿನ ಕೀವು ರಕ್ತಕ್ಕಿಳಿದು ಆ ತೇಪೆಯ ಮೇಲೆ ಕೂರುತ್ತದೆ. ಹಾಗೆ ಇಬ್ಬರು ಮಕ್ಕಳನ್ನು ಕಳೆದುಕೊಂಡ ಮೇಲೆ ಅವರೊಂದು ಕಟ್ಟಳೆ ಮಾಡಿದರು: ಹಲ್ಲಿನ ಚಿಕಿತ್ಸೆಯಾದ ಪ್ರತಿಯೊಂದು ಮಗುವಿಗೂ, ಮುಂದಿನ ಒಂದು ವರ್ಷದಲ್ಲಿ ಹೊಸ ಹುಳುಕು ಬರುವ ಸಂಭವ ಎಷ್ಟೆಂದು ನಾನು ಒಂದು ಪದದಲ್ಲಿ ಹೇಳಬೇಕು. ಕಡಿಮೆ, ಮಧ್ಯಮ, ಹೆಚ್ಚು. ಮೊದಲೆರಡಕ್ಕೆ ಕೂಡಲೇ ಶಸ್ತ್ರಚಿಕಿತ್ಸೆ. ಮೂರನೆಯದಕ್ಕೆ, ಆರು ತಿಂಗಳು ಬಾಯಿಯನ್ನು ಕಾದು ನೋಡಿ, ಆಗಸ್ಟಿನ ಸರದಿ.

ನಾನು "ಹೆಚ್ಚು" ಎಂದು ಬರೆದಿದ್ದೇನೆ.

ಕಾರಣಗಳನ್ನು ಹೇಳುತ್ತೇನೆ. ಮೇಲಿನ ಬಾಚಿಹಲ್ಲುಗಳ ಬುಡದಲ್ಲಿ, ಒಸಡಿನಂಚಿಗೆ, ಸುಣ್ಣದ ಗೀರಿನಂತಹ ಬಿಳುಪಿದೆ. ಹುಳುಕು ಹುಟ್ಟುವ ಮೊದಲು ಹಲ್ಲು ತೋರುವ ಬಣ್ಣ ಅದು. ಮೈನೀರು ಇಳಿಸುವ ಔಷಧಿಯಿಂದ ಅವಳ ಬಾಯಿ ಒಣಗುತ್ತದೆ. ಹೃದಯದ ಸಿರಪ್ಪು ಸಿಹಿಯಾಗಿದೆ, ಅದನ್ನು ಮಲಗುವಾಗ ಕೊಡುತ್ತೀರಿ. ನಿನ್ನ ಬಾಯಿಯಲ್ಲೂ ಹುಳುಕಿದೆ. ತಾಯಿಯ ಬಾಯಿಯ ರೋಗ ಚಮಚದ ಮೂಲಕ, ಮುತ್ತಿನ ಮೂಲಕ ಮಗುವಿಗಿಳಿಯುತ್ತದೆ. ನಮ್ಮಲ್ಲಿ ಇಂತಹ ಹತ್ತು ಮಕ್ಕಳಿಗೆ ಚಿಕಿತ್ಸೆ ಮಾಡಿದರೆ ಆರು ಮಕ್ಕಳು ವರ್ಷದೊಳಗೆ ಹೊಸ ಹುಳುಕಿನೊಂದಿಗೆ ಮರಳಿ ಬರುತ್ತಾರೆ.

ಆ ತೂತಿನಿಂದಾಗಿ ಶ್ವಾಸಕೋಶದಲ್ಲಿ ಒತ್ತಡ ಏರುತ್ತಿದೆಯೆಂಬುದನ್ನು ಶಸ್ತ್ರವೈದ್ಯರು ಬಲ್ಲರು. ಆಗಸ್ಟಿನವರೆಗೆ ತಡೆದೀತೆಂಬುದು ಅವರ ಎಣಿಕೆ. ಕೋಪ ಮಾಡಿಕೊಳ್ಳಬೇಡ.

ನಿನ್ನ ಅಕ್ಕ


೧೫ ಫೆಬ್ರವರಿ

ಅಕ್ಕ,

ಕೋಪ ಮಾಡಿಕೊಳ್ಳಬೇಡವೆಂದು ಕೊನೆಗೆ ಬರೆದೆ. ಅದನ್ನೇ ಮೊದಲು ಬರೆದಿದ್ದರೆ ಸ್ವಲ್ಪ ಸಿದ್ಧಳಾಗಿರುತ್ತಿದ್ದೆ.

ನಿನ್ನ ಕಾಗದ ಬಂದಾಗ ಡಿಪೋದಲ್ಲಿದ್ದೆ. ಹಳೆಯ ಬಸ್ಸೊಂದರ ಸೀಟುಗಳನ್ನು ಬಿಚ್ಚಿ ಹೊಸ ರೆಕ್ಸಿನ್ ಹೊಲಿಯುತ್ತಿದ್ದೆವು. ಓದುತ್ತ ಓದುತ್ತ ದಬ್ಬಳ ಹೆಬ್ಬೆರಳಿಗೆ ಇಳಿಯಿತು. ನಮ್ಮ ಮೇಸ್ತ್ರಿ ಓಡಿ ಬಂದು, "ಏನಮ್ಮಾ, ಅಕ್ಕನೇ ಡಾಕ್ಟ್ರು, ನಿಮಗೇನ್ ಚಿಂತೆ! ಆಪರೇಷನ್ ಯಾವತ್ತು?" ಎಂದರು. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆಯುವವಳೆಂದು ನನ್ನನ್ನು ಎಲ್ಲರೂ ಆಡಿಕೊಳ್ಳುತ್ತಿದ್ದರು. ಆ ಬೆಣ್ಣೆ ಕಲ್ಲಾಗಿದೆಯೆಂದು ಅವರಿಗೆ ಹೇಗೆ ಹೇಳಲಿ?

ಹತ್ತರಲ್ಲಿ ಆರು ಮಕ್ಕಳು ಎನ್ನುತ್ತೀಯೆ. ನನ್ನ ಮನೆಯಲ್ಲಿ ಹತ್ತು ಮಕ್ಕಳಿಲ್ಲ ಅಕ್ಕ. ಒಂದಿದೆ. ಅದನ್ನು ಆರು ಪಾಲು ಆ ಕಡೆಗೆ, ನಾಲ್ಕು ಪಾಲು ಈ ಕಡೆಗೆ ಕತ್ತರಿಸಲು ನನಗೆ ಬಾರದು. ಇವರು ನಿನ್ನ ಕಾಗದವನ್ನು ಎರಡು ಸಲ ಓದಿ, "ನಿಮ್ಮಕ್ಕ ಬರೆದಿರೋದು ತಪ್ಪಿಲ್ಲ ಕಣೇ. ಆದ್ರೆ ಇಷ್ಟೊಂದು ಸರಿಯಾಗಿ ಬರೀಬೇಕಿತ್ತಾ?" ಎಂದರು. ಅಷ್ಟು ಹೇಳಿ ಡ್ಯೂಟಿಗೆ ಹೋದರು. ಮೂರು ಟ್ರಿಪ್ಪು ಟಿಕೆಟ್ ಹರಿದು ಬಂದ ಮೇಲೂ ಅದೇ ಮಾತು.

ಜೀರಿಗೆಗೆ ಈಗ ಮೆಟ್ಟಿಲಿನ ನಡುವೆ ನಿಲ್ಲುವ ಅಭ್ಯಾಸವಾಗಿದೆ. ಕೇಳಿದರೆ, "ಸ್ಟಾಪ್ ಬಂತು" ಎನ್ನುತ್ತಾಳೆ.

ಒಂದು ಪದ ಅಳಿಸಿ ಇನ್ನೊಂದು ಬರೆಯುವುದು ನಿನಗೆ ಎಷ್ಟು ಹೊತ್ತಿನ ಕೆಲಸ? ಮಧ್ಯಮ ಎಂದು ಬರೆ. ಉಳಿದದ್ದು ನನ್ನ ಪಾಲಿಗಿರಲಿ. ಹಲ್ಲನ್ನು ನಾನು ಕಾಯುತ್ತೇನೆ.

ನಿನ್ನ ತಂಗಿ


೨೪ ಫೆಬ್ರವರಿ

ಪ್ರೀತಿಯ ತಂಗಿ,

ಆ ಪದವನ್ನು ಬದಲಿಸಲಾರೆ. ಕಳೆದ ವರ್ಷ ನನ್ನೆದುರಿಗೆ ಒಬ್ಬ ತಾಯಿ ನಿನ್ನಂತೆಯೇ ಕೈಮುಗಿದು ನಿಂತಿದ್ದಳು. ಅವಳ ಮಗುವಿನ ಬಾಯಿ ನೋಡಿದಾಗ ನನಗೆ ಅನುಮಾನವಿತ್ತು. ಆದರೂ ಅವಳ ಕಣ್ಣೀರು ನೋಡಿ "ಮಧ್ಯಮ" ಎಂದು ಬರೆದೆ. ತೇಪೆ ಚೆನ್ನಾಗಿ ಕೂತಿತು. ನಾಲ್ಕು ತಿಂಗಳ ಮೇಲೆ ಆ ಮಗು ಬಿಡದ ಜ್ವರದೊಂದಿಗೆ ಬಂತು. ಬಾಯಿ ತೆರೆಸಿದರೆ ಕೆಳದವಡೆಯಲ್ಲಿ ಕೀವು. ಆಮೇಲಿನದನ್ನು ಬರೆಯಲಾರೆ. ಅಂದಿನಿಂದ ಯಾರ ಕಣ್ಣೀರನ್ನೂ ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ತಂಗಿಯ ಕಣ್ಣೀರನ್ನಂತೂ ತೆಗೆದುಕೊಳ್ಳಕೂಡದು.

ಹಲ್ಲನ್ನು ಕಾಯುತ್ತೇನೆ ಎಂದಿದ್ದೀಯೆ. ಹಾಗಾದರೆ ಹೀಗೆ ಮಾಡು. ರಾತ್ರಿಯ ಸಿರಪ್ಪನ್ನು ಊಟಕ್ಕೆ ಮೊದಲು ಕೊಡು. ಹಲ್ಲುಜ್ಜಿದ ಮೇಲೆ ನೀರಲ್ಲದೆ ಬೇರೇನೂ ಬಾಯಿಗೆ ಹೋಗಬಾರದು. ಅವಳನ್ನು ಮಲಗಿಸಿ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ತುಟಿಯನ್ನು ಬೆರಳಿನಿಂದೆತ್ತಿ, ಒಸಡಿನಂಚನ್ನೇ ಮೊದಲು ಉಜ್ಜು. ಬ್ರಷ್ಷನ್ನು ಅವಳ ಕೈಗೆ ಕೊಟ್ಟು ಒಲೆಯ ಕಡೆ ತಿರುಗಬೇಡ. ಫ್ಲೋರೈಡ್ ಇರುವ ಪೇಸ್ಟು, ಬಟಾಣಿ ಕಾಳಿನಷ್ಟು. ಉಗುಳಲಿ, ಬಾಯಿ ಮುಕ್ಕಳಿಸುವುದು ಬೇಡ. ನಿನ್ನ ಹುಳುಕನ್ನು ಈ ವಾರವೇ ತೋರಿಸಿಕೋ. ಅವಳ ಗಂಜಿಯ ಬಿಸಿಯನ್ನು ನಿನ್ನ ಬಾಯಿಯಿಂದ ನೋಡುವುದನ್ನು ನಿಲ್ಲಿಸು.

ಇವೆಲ್ಲ ಸಣ್ಣ ಕೆಲಸಗಳು. ಕಷ್ಟವಿರುವುದು ದಿನವೂ ಮಾಡುವುದರಲ್ಲಿ. ಈ ಬಾರಿಯಾದರೂ ಅರ್ಧಕ್ಕೆ ಬಿಡಬೇಡ.

ನಿನ್ನ ಅಕ್ಕ


೩ ಮಾರ್ಚ್

ಅಕ್ಕ,

"ಈ ಬಾರಿಯಾದರೂ."

ಟೈಪಿಂಗ್ ಬಿಟ್ಟೆ. ಸಂಗೀತ ಬಿಟ್ಟೆ. ನರ್ಸಿಂಗ್ ಎರಡನೆಯ ವರ್ಷದಲ್ಲಿ ಬಿಟ್ಟೆ. ಎಲ್ಲವೂ ನಿಜ. ನರ್ಸಿಂಗ್ ಬಿಟ್ಟ ವರ್ಷ ಅಮ್ಮ ಹಾಸಿಗೆ ಹಿಡಿದಿದ್ದರು. ನಿನ್ನ ಕೊನೆಯ ಪರೀಕ್ಷೆಯೂ ಅದೇ ವರ್ಷ ಇತ್ತು. ಅದರ ಬಗ್ಗೆ ಇದಕ್ಕಿಂತ ಹೆಚ್ಚಾಗಿ ನಾನು ಹಿಂದೆಯೂ ಹೇಳಿಲ್ಲ, ಈಗಲೂ ಹೇಳುವುದಿಲ್ಲ.

ಒಂದನ್ನು ಮಾತ್ರ ಕೇಳುತ್ತೇನೆ, ನೇರವಾಗಿ ಉತ್ತರ ಕೊಡು. ಆ ಪದವನ್ನು ಬರೆಯುವಾಗ ನನ್ನ ಮಗುವಿನ ಬಾಯಿ ನೋಡಿ ಬರೆದೆಯಾ, ನನ್ನನ್ನು ನೋಡಿ ಬರೆದೆಯಾ?

ತಂಗಿ


೧೦ ಏಪ್ರಿಲ್

ಪ್ರೀತಿಯ ತಂಗಿ,

ನಡುವೆ ನಾನು ಬರೆದ ಎರಡು ಕಾಗದಗಳಿಗೆ ನಿನ್ನಿಂದ ಉತ್ತರವಿಲ್ಲ. ಫೋನು ಮಾಡಿದರೆ ನಿನ್ನ ಯಜಮಾನರು ಎತ್ತಿಕೊಂಡು, "ಅವಳು ನೀರಿಗೆ ಹೋಗಿದಾಳೆ ಅಕ್ಕಾ" ಎನ್ನುತ್ತಾರೆ. ನಿಮ್ಮ ಮನೆಯೊಳಗೇ ನಲ್ಲಿಯಿದೆಯೆಂಬುದನ್ನು ನಾನು ಬಲ್ಲೆ. ಪಾಪ, ಸುಳ್ಳು ಹೇಳಿ ಅವರಿಗೆ ಅಭ್ಯಾಸವಿಲ್ಲ.

ನಿನ್ನೆ ಶಸ್ತ್ರವೈದ್ಯರ ಕೋಣೆಗೆ ಹೋಗಿದ್ದೆ. ಜೀರಿಗೆಗೆ ಮೊದಲೇ ಒಂದು ದಿನ ಸಿಕ್ಕೀತೇ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸುತ್ತ, "ನಿಮ್ಮ ಮಾತು ಬದಲಾಯ್ತಾ ಡಾಕ್ಟ್ರೇ? ಬದಲಾಗಿದ್ರೆ ಹೇಳಿ, ಮುಂದಿನ ವಾರವೇ ತಗೋತೀನಿ" ಎಂದರು. ನಾನು ಸುಮ್ಮನಿದ್ದೆ. "ನಿಮ್ಮ ಮನೆ ಮಗು ಅಂತ ನನಗೆ ಗೊತ್ತು. ಆದ್ರೂ ಹೆಚ್ಚು ಅಂತ ಬರೆದ್ರಲ್ಲ, ಅದಕ್ಕೇ ನಿಮ್ಮ ಮಾತಿಗೆ ನನ್ನಲ್ಲಿ ಇಷ್ಟು ಬೆಲೆ" ಎಂದರು. ಆ ಹೊಗಳಿಕೆಯನ್ನು ಕೇಳಿಕೊಂಡು ಹೊರಗೆ ಬಂದೆ.

ಸಣ್ಣ ತಲೆಯ ಬ್ರಷ್ಷುಗಳನ್ನು ಕಳುಹಿಸಿದ್ದೇನೆ. ತುಟಿ, ಉಗುರುಗಳ ಬಣ್ಣವನ್ನು ಗಮನಿಸುತ್ತಿರು. ಒಂದು ಸಾಲಾದರೂ ಬರೆ.

ಅಕ್ಕ


೨೨ ಮೇ

ಅಕ್ಕ,

ಬ್ರಷ್ಷು ತಲುಪಿತು. ಕೇಳಿದ್ದಕ್ಕೆ ನೀನು ಉತ್ತರ ಕೊಡಲಿಲ್ಲವಾದ್ದರಿಂದ ನಾನೂ ಕೊಡಬಾರದೆಂದಿದ್ದೆ. ಆದರೆ ಜೀರಿಗೆ, "ದೊಡ್ಡಮ್ಮಂಗೆ ಬಸ್ಸಿನ ಆಟ ಬರೆದು ಕಳ್ಸು" ಎಂದು ಹಟ ಹಿಡಿದಿದ್ದಾಳೆ.

ಸಂಜೆ ಊಟವಾದ ಮೇಲೆ ಚಾಪೆ ಹಾಸುತ್ತೇನೆ. ಇವರು ಟಿಕೆಟ್ ಚೀಲ ಹೆಗಲಿಗೇರಿಸಿಕೊಂಡು ಸೀಟಿ ಊದುತ್ತಾರೆ. "ಬಾಗ್ಲು ತೆಗೀರಿ, ಬಾಗ್ಲು ತೆಗೀರಿ! ಒಳಗ್ ಹೋಗಿ, ಹಿಂದೆ ಖಾಲಿ ಇದೆ!" ಅವಳು ಬಾಯಿ ತೆರೆಯುತ್ತಾಳೆ. ಬ್ರಷ್ಷೇ ಬಸ್ಸು. ಪ್ರತಿ ಹಲ್ಲೂ ಒಂದು ಸ್ಟಾಪು. "ಟಿಕೆಟ್ ಇಲ್ಲದ ಹುಳ ಎಲ್ಲಾ ಇಳೀರಿ!" ಎಂದು ಇವರು ಗದರಿದರೆ ಅವಳಿಗೆ ನಗು ಬಂದು ನೊರೆಯೆಲ್ಲ ನನ್ನ ಸೀರೆಗೆ. ಒಂದು ದಿನ ಇವರಿಗೆ ಹೊರಗಡೆ ಡ್ಯೂಟಿ ಬಿತ್ತು. ಅಂದು ನಾನೇ ಕಂಡಕ್ಟರಾದೆ. ಜೀರಿಗೆ ಎದ್ದು ಕೂತು, "ನಿಂಗೆ ಬೈಯೋಕೆ ಬರಲ್ಲ, ಅಪ್ಪ ಬರ್ಲಿ" ಎಂದಳು. ಬೈಯಲು ಬಾರದವಳೆಂದು ನನ್ನನ್ನು ಕರೆದ ಮೊದಲನೆಯ ಪ್ರಾಣಿ ಅವಳೇ.

ಒಂದು ದಿನವೂ ತಪ್ಪಿಸಿಲ್ಲ. ನನ್ನ ಹುಳುಕು ಹಲ್ಲುಗಳನ್ನು ತೆಗೆಸಿಕೊಂಡೆ. ಸಿರಪ್ಪು ಊಟಕ್ಕೆ ಮೊದಲು. ಡಿಪೋದ ಹೆಂಗಸರು ಅವಳ ಕೈಗೆ ಏನಾದರೂ ಕೊಡಲು ಬಂದರೆ ತಾಯಿ ಹುಲಿಯಂತೆ ಮೇಲೆ ಬೀಳುತ್ತೇನಂತೆ. ಈಗ ಯಾರೂ ಹತ್ತಿರ ಬರುವುದಿಲ್ಲ. ನೀನು ಹೇಳಿದ ಸುಣ್ಣದ ಗೀರನ್ನು ಬೆಳಗಿನ ಬೆಳಕಿಗೆ ಹಿಡಿದು ನೋಡುತ್ತೇನೆ. ಮೊದಲು ಒರಟಾಗಿ, ಮಂಕಾಗಿತ್ತು. ಈಗ ಅಲ್ಲಿ ಹೊಳಪಿದೆ. ಇಲ್ಲಿಯ ಹಲ್ಲಿನ ಡಾಕ್ಟರು, "ಗಟ್ಟಿಯಾಗ್ತಿದೆ, ಹುಳುಕು ನಿಂತುಹೋಗಿದೆ. ಯಾರ್ರೀ ನಿಮಗೆ ಹೇಳಿಕೊಟ್ಟಿದ್ದು?" ಎಂದು ಕೇಳಿದರು. ನಮ್ಮಕ್ಕ ಎಂದೆ. ಹೇಳುವಾಗ ಸ್ವಲ್ಪ ಹೆಮ್ಮೆಯೂ ಆಯಿತು. ಬರೆಯಬಾರದೆಂದಿದ್ದೆ, ಬರೆದುಬಿಟ್ಟೆ.

ಮೆಟ್ಟಿಲಿನಲ್ಲಿ ಸ್ಟಾಪುಗಳು ಹೆಚ್ಚಾಗಿವೆ. ಈಗ ಮೂರು ಮೆಟ್ಟಿಲಿಗೊಂದು. ಹತ್ತಿ ಮುಗಿಸಿದಾಗ ಉಗುರುಗಳು ನೇರಳೆ ಹಣ್ಣು ತಿಂದವಳ ಉಗುರಿನಂತಾಗುತ್ತವೆ. ಸ್ವಲ್ಪ ಹೊತ್ತು ಕೂತರೆ ಸರಿಹೋಗುತ್ತದೆ.

ತಂಗಿ


೨೮ ಮೇ

ತಂಗಿ,

ಉಗುರಿನ ಮಾತನ್ನು ನೀನು ಕಾಗದದ ಮೊದಲ ಸಾಲಿನಲ್ಲಿ ಬರೆಯಬೇಕಾಗಿತ್ತು. ಹಲ್ಲಿನ ವಿಷಯ ನನಗೆ ಬೇಡ. ಆಗಸ್ಟಿನವರೆಗೆ ಕಾಯಬೇಡಿ. ಶಸ್ತ್ರವೈದ್ಯರು ಊರಿನಲ್ಲಿಲ್ಲ, ಬಂದ ಕೂಡಲೇ ನೋಡುವುದಾಗಿ ಒಪ್ಪಿದ್ದಾರೆ. ದಿನವನ್ನು ಫೋನಿನಲ್ಲಿ ತಿಳಿಸುತ್ತೇನೆ. ಈ ಸಲ ದಯವಿಟ್ಟು ನೀನೇ ಎತ್ತಿಕೋ.

ಅಕ್ಕ


೬ ಜುಲೈ

ಅಕ್ಕ,

ನಿಮ್ಮ ಆಸ್ಪತ್ರೆಗೆ ಬಂದ ದಿನ ಶಸ್ತ್ರವೈದ್ಯರು ನಮ್ಮನ್ನು ಒಳಗೆ ಕರೆದಾಗ ನೀನು ಬಾಗಿಲ ಹೊರಗೆ ನಿಂತೆ. ಹಲ್ಲಿನ ಕುರ್ಚಿಯ ಮೇಲೆ ಬೇರೆ ಮಗುವಿದೆಯೆಂದು ಹೇಳಿ ಹೊರಟುಹೋದೆ. ಒಳಗೆ ಏನು ನಡೆಯಿತೆಂದು ಸಂಜೆ ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ಅವರಿಂದ ನಿನಗೆ ತಿಳಿದೇ ಇದೆ. ಆದರೂ ನನ್ನ ಕೈಯಿಂದ ಬರೆದದ್ದೊಂದು ನಿನ್ನ ಹತ್ತಿರವಿರಲಿ.

ತೊಡೆಯ ರಕ್ತನಾಳದಿಂದ ಕೊಳವೆ ಬಿಟ್ಟು ಶ್ವಾಸಕೋಶದ ಒತ್ತಡವನ್ನು ಅಳೆದರಲ್ಲ, ಅದನ್ನು ಅವರು ನಮಗೆ ನೀರಿನ ಪೈಪಿನ ಚಿತ್ರ ಬರೆದು ವಿವರಿಸಿದರು. ಒಳಗಿನ ನಾಳಗಳೆಲ್ಲ ಗಟ್ಟಿಯಾಗಿಬಿಟ್ಟಿವೆ. ಕೆಟ್ಟ ರಕ್ತ ಈಗ ಆ ತೂತಿನ ಮೂಲಕವೇ ದಾರಿ ಮಾಡಿಕೊಂಡಿದೆ. "ಈಗ ತೂತು ಮುಚ್ಚಿದ್ರೆ ಹೃದಯವೇ ನಿಂತುಹೋಗುತ್ತೆ ಅಮ್ಮಾ. ಇನ್ನು ಮುಚ್ಚೋ ಹಾಗಿಲ್ಲ." ಇವರು, "ಯಾವಾಗ ಮುಚ್ಚಬಹುದು ಸಾರ್?" ಎಂದರು. ಅವರು ಮತ್ತೊಮ್ಮೆ ಹೇಳಿದರು. ಇವರು ಮತ್ತೊಮ್ಮೆ ಅದನ್ನೇ ಕೇಳಿದರು. ಆಮೇಲೆ ಅವರು ನನ್ನ ಕಡೆ ತಿರುಗಿ, "ಫೆಬ್ರವರೀಲಿ ಮಾಡಿದ್ದಿದ್ರೆ..." ಎಂದು ಶುರುಮಾಡಿ ನಿಲ್ಲಿಸಿಬಿಟ್ಟರು.

ಆ ಮಾತನ್ನು ಮುಚ್ಚಿಹಾಕಲೆಂದೋ ಏನೋ, ಟಾರ್ಚು ತೆಗೆದು ಜೀರಿಗೆಯ ಬಾಯಿ ನೋಡಿದರು. "ಅರೆ, ಒಂದೂ ಹೊಸ ಹುಳುಕಿಲ್ಲ! ಎಷ್ಟು ಚೆನ್ನಾಗಿ ಇಟ್ಕೊಂಡಿದೀರಿ!" ಎಂದರು. ಒಳ್ಳೆಯ ಮನುಷ್ಯರು. ಏನಾದರೂ ಒಂದು ಒಳ್ಳೆಯ ಮಾತು ಹೇಳಬೇಕೆಂದು ಹುಡುಕಿದ್ದಿರಬೇಕು.

ಇನ್ನು ಮುಂದೆ ಅವಳಿಗೆ ಯಾವುದಕ್ಕೂ ಅರಿವಳಿಕೆ ಕೊಡಕೂಡದಂತೆ. ಮಲಗಿದವಳು ಏಳಲಾರಳಂತೆ. ಎಷ್ಟು ವರ್ಷ ಎಂದು ನಾನು ಕೇಳಲಿಲ್ಲ. ನಿನಗೆ ಹೇಳಿದ್ದರೆ ನನಗೆ ತಿಳಿಸಬೇಡ.

ಜೀರಿಗೆಯ ತಾಯಿ


೨ ಆಗಸ್ಟ್

ತಂಗಿ,

ಮಾರ್ಚಿನಲ್ಲಿ ನೀನು ಒಂದು ಪ್ರಶ್ನೆ ಕೇಳಿದ್ದೆ.

ಬಾಯಿ ಹೇಳಿದ್ದು "ಮಧ್ಯಮ". ಬಿಳಿಯ ಗೀರು, ಒಣಬಾಯಿ, ಸಿಹಿ ಔಷಧಿ, ನಿನ್ನ ಹುಳುಕು, ಎಲ್ಲವನ್ನೂ ಕೂಡಿದರೂ ಬೇರೆ ಮಗುವಾಗಿದ್ದರೆ ನಾನು ಮಧ್ಯಮವೆಂದೇ ಬರೆಯುತ್ತಿದ್ದೆ. ಕೊನೆಯದಾಗಿ ನೋಡಬೇಕಾದದ್ದು ಇನ್ನೊಂದಿರುತ್ತದೆ: ಹೇಳಿಕೊಟ್ಟದ್ದನ್ನು ಮನೆಯವರು ದಿನವೂ ಮಾಡುವರೇ ಎಂಬುದು. ಬೇರೆ ತಾಯಂದಿರಾದರೆ ಎದುರಿಗೆ ಕೂರಿಸಿಕೊಂಡು ಮಾತನಾಡಿಸಿ ತೀರ್ಮಾನಿಸುತ್ತೇನೆ. ನಿನ್ನನ್ನು ಮಾತನಾಡಿಸಲಿಲ್ಲ. ನನ್ನ ತಂಗಿ ನನಗೆ ಗೊತ್ತಿಲ್ಲವೇ ಎಂದುಕೊಂಡೆ. ತಂಗಿಯ ಮಗುವೆಂದು ಎಲ್ಲಿ ಪಕ್ಷಪಾತ ಮಾಡಿಬಿಡುವೆನೋ ಎಂಬ ಭಯವೂ ಇತ್ತು; ಆ ಭಯದಲ್ಲಿ ತಕ್ಕಡಿಯ ಇನ್ನೊಂದು ತಟ್ಟೆಯ ಮೇಲೆ ಕೈಯಿಟ್ಟೆ. ಅದನ್ನು ನಾನು ಪ್ರಾಮಾಣಿಕತೆಯೆಂದು ತಿಳಿದಿದ್ದೆ.

ಏಪ್ರಿಲ್‌ನಲ್ಲಿ ಶಸ್ತ್ರವೈದ್ಯರೆದುರು ಸುಮ್ಮನಿದ್ದದ್ದೂ ಅದಕ್ಕೇ. ಅಷ್ಟು ಹೊತ್ತಿಗೆ ನನಗೆ ಅನುಮಾನ ಹುಟ್ಟಿತ್ತು. ಮಾತು ಬದಲಿಸಿದರೆ ಮನೆಯ ಮಗುವಿಗಾಗಿ ಬದಲಿಸಿದಳೆಂದು ಅವರು ತಿಳಿದಾರೆಂದುಕೊಂಡೆ.

ಇದೆಲ್ಲವನ್ನೂ ಅವರಿಗೆ ಹೇಳಿದ್ದೇನೆ; ಈ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿ ಎಂದೂ ಕೇಳಿಕೊಂಡೆ. "ಬೇರೆ ಯಾರಿದಾರೆ ಡಾಕ್ಟ್ರೇ?" ಎಂದರು. ನಿನ್ನೆ ಮೂರು ವರ್ಷದ ಮಗುವೊಂದು ಬಂದಿತ್ತು. ಬಾಯಿ ನೋಡಿದೆ, ತಾಯಿಯನ್ನು ಮಾತನಾಡಿಸಿದೆ. ಪದವನ್ನು ಬರೆದೆ. ಬರೆಯಲೇಬೇಕಲ್ಲ.

ಕ್ಷಮಿಸು ಎಂದು ಬರೆಯಲು ನನಗೆ ನಾಚಿಕೆಯಾಗುತ್ತದೆ. ಬಂದು ನೋಡಲೇ?

ಅಕ್ಕ


೧೭ ಸೆಪ್ಟೆಂಬರ್

ತಂಗಿ,

ಮತ್ತೆ ಬರೆಯುತ್ತಿದ್ದೇನೆ. ಜೀರಿಗೆ ಹೇಗಿದ್ದಾಳೆ? ಸಂಜೆಯ ಬಸ್ಸಿನ ಆಟ ನಡೆಯುತ್ತಿದೆಯೇ? ಅದನ್ನು ನಿಲ್ಲಿಸಬೇಡ. ತೇಪೆಯಿಲ್ಲದಿದ್ದರೂ ಅವಳ ಹೃದಯಕ್ಕೆ ಬಾಯಿಯ ಕೀವಿನಿಂದ ಅಪಾಯವಿದ್ದೇ ಇದೆ. ಇದನ್ನು ವೈದ್ಯೆಯಾಗಿ ಹೇಳುತ್ತಿಲ್ಲ. ಹೇಗೆ ಹೇಳಬೇಕೆಂಬುದೂ ತಿಳಿಯುತ್ತಿಲ್ಲ.

ಅಕ್ಕ


೨೬ ನವೆಂಬರ್

ಅಕ್ಕ,

ಜುಲೈ ತಿಂಗಳಿಂದ ನಾನು ಅವಳ ಹಲ್ಲುಜ್ಜಿಲ್ಲ.

ಆಸ್ಪತ್ರೆಯಿಂದ ಬಂದ ಸಂಜೆ ಚಾಪೆ ಹಾಸಿದೆ. ಇವರು ಚೀಲ ತೆಗೆದುಕೊಂಡು ಬಂದು ನಿಂತರು. ಸೀಟಿಯನ್ನು ಬಾಯಿಗಿಟ್ಟರು, ಊದಲಾಗಲಿಲ್ಲ. ಹಿತ್ತಲಿಗೆ ಹೋಗಿಬಿಟ್ಟರು. "ಇವತ್ತು ಬಸ್ಸಿಲ್ವಾ?" ಎಂದು ಅವಳು ಕೇಳಿದಳು. ಇಲ್ಲ ಮಗಳೇ, ಮಲಗು ಎಂದೆ. ಮರುದಿನವೂ ಅಷ್ಟೆ. ಯಾವ ತಾರೀಖಿಗಾಗಿ ಉಜ್ಜಬೇಕಾಗಿತ್ತು? ಹಲ್ಲು ಕಚ್ಚಿಕೊಂಡು ಐದು ತಿಂಗಳು ಕಾದವಳು, ಅವಳು ಬಾಯಿ ತೆರೆದರೆ ಮುಖ ತಿರುಗಿಸುತ್ತಿದ್ದೆ. ಅವಳು ಕೇಳಿದ್ದನ್ನೆಲ್ಲ ಕೊಟ್ಟೆ. ಡಿಪೋದ ಹೆಂಗಸರಿಗೆ ನಾನೇ ಹೇಳಿದೆ, ಕೊಡಿ, ತಿನ್ನಲಿ, ಎಂದು. ಬೆಲ್ಲ, ಪೆಪ್ಪರಮೆಂಟು, ಸಕ್ಕರೆ ಕಲಸಿದ ಹಾಲು. ತಿನ್ನುವಾಗ ಅವಳಿಗಿದ್ದ ಸಂತೋಷವನ್ನು ನೀನು ನೋಡಬೇಕಾಗಿತ್ತು. ನಿನ್ನ ಸೆಪ್ಟೆಂಬರಿನ ಕಾಗದವನ್ನು ಓದಿದೆ. ಓದಿ ಮಡಿಸಿಟ್ಟೆ.

ಹದಿನೈದು ದಿನಗಳಿಂದ ಅವಳು ಒಂದೇ ಪಕ್ಕದಲ್ಲಿ ಅಗಿಯುತ್ತಿದ್ದಾಳೆ. ಮೊನ್ನೆ ಹಗಲು ಬೆಳಕಿಗೆ ಹಿಡಿದು ನೋಡಿದೆ. ಎಡಗಡೆ, ಕೆಳಗೆ, ನೀನು ಟೋಪಿ ತೊಡಿಸದೆ ಬಿಟ್ಟಿದ್ದ ಹಲ್ಲಿನಲ್ಲಿ ಕಂದು ಬಣ್ಣದ ಕುಳಿ. ಪಕ್ಕದ ಒಸಡಿನಲ್ಲಿ ಅಕ್ಕಿಕಾಳಿನಷ್ಟು ಗುಳ್ಳೆ. ಒತ್ತಿದರೆ ಕೀವು. ಇಲ್ಲಿಯ ಡಾಕ್ಟರು ಹೃದಯದ ಮಾತು ಕೇಳಿದ ಕೂಡಲೇ ಮಾತ್ರೆ ಬರೆದುಕೊಟ್ಟು, "ಕೀಳ್ಲೇಬೇಕು. ಆದ್ರೆ ನಾನು ಮುಟ್ಟಲ್ಲಮ್ಮ, ದೊಡ್ಡಾಸ್ಪತ್ರೆಗೇ ಹೋಗಿ" ಎಂದರು.

ವರ್ಷದೊಳಗೆ ಹೊಸ ಹುಳುಕು ಬರುವುದೆಂದು ನೀನು ಬರೆದಿದ್ದೆ. ಬಂತು. ತಂಗಿ ಅರ್ಧಕ್ಕೆ ಬಿಡುವಳೆಂದುಕೊಂಡಿದ್ದೆ. ಬಿಟ್ಟಳು. ಹತ್ತರಲ್ಲಿ ಆರು ಎನ್ನುತ್ತಿದ್ದೆಯಲ್ಲ, ಜೀರಿಗೆಯನ್ನೂ ಆ ಆರರೊಳಗೆ ಸೇರಿಸಿಕೋ. ನಿನ್ನ ಲೆಕ್ಕ ತಪ್ಪಲಿಲ್ಲ. ಇದನ್ನು ನಿನ್ನನ್ನು ಚುಚ್ಚಲೆಂದು ಬರೆದೆನೋ, ನನ್ನನ್ನೇ ಚುಚ್ಚಿಕೊಳ್ಳಲೆಂದು ಬರೆದೆನೋ, ನನಗೇ ತಿಳಿಯದು. ಇವರಿಗೆ ಓದಿ ಹೇಳಿದೆ. ಆ ಸಾಲನ್ನು ಹೊಡೆದುಹಾಕು ಎಂದರು. ಹೊಡೆದುಹಾಕಲಿಲ್ಲ.

ನಿಮ್ಮ ಆಸ್ಪತ್ರೆಯ ಕೌಂಟರಿಗೆ ಫೋನು ಮಾಡಿ, ಎಲ್ಲರಂತೆ ಸರದಿ ಕೇಳಿದೆ. ಮುಂದಿನ ಗುರುವಾರ ಬೆಳಿಗ್ಗೆ ಎಂದರು. "ಯಾವ ಡಾಕ್ಟರಾದ್ರೂ ಪರವಾಗಿಲ್ವಾ?" ಎಂದು ಆ ಹುಡುಗಿ ಕೇಳಿದಳು. ನಿನ್ನ ಹೆಸರು ಹೇಳಿದೆ.

ಮಲಗಿಸುವಂತಿಲ್ಲ. ಎಚ್ಚರವಿದ್ದಂತೆಯೇ ಮಾಡಬೇಕು. ಅಳಿಸಲೂ ಬಾರದು, ಅತ್ತರೆ ನೀಲಿಯಾಗುತ್ತಾಳೆ. ಕೈಕಾಲುಗಳನ್ನು ನಾವಿಬ್ಬರೂ ಹಿಡಿದುಕೊಳ್ಳುತ್ತೇವೆ. ಅವಳಿಗೆ ನಿನ್ನ ಮೇಲೆ ಕೋಪವಿಲ್ಲ. ಅವಳಿಗೆ ಏನೂ ಗೊತ್ತಿಲ್ಲ. ದೊಡ್ಡಮ್ಮನ ಹತ್ತಿರ ಹೋಗುತ್ತೇವೆಂದು ತಿಳಿದ ಮೇಲೆ ತಾನೇ ಹೊಸ ಲಂಗವನ್ನು ತೆಗೆದಿಟ್ಟುಕೊಂಡಿದ್ದಾಳೆ.

ಕುರ್ಚಿಯ ಮೇಲೆ ಮಲಗಿದ ಕೂಡಲೇ ಅವಳು ನಿನ್ನನ್ನೊಂದು ಮಾತು ಕೇಳುತ್ತಾಳೆ. 'ಏನೂ ಆಗಲ್ಲ ಅಲ್ವಾ ದೊಡ್ಡಮ್ಮಾ?' ಎಂದು. ಎರಡು ದಿನಗಳಿಂದ ನನ್ನನ್ನು ಕೇಳುತ್ತಲೇ ಇದ್ದಾಳೆ, ನನಗೆ ಗೊತ್ತಿಲ್ಲ, ದೊಡ್ಡಮ್ಮನನ್ನೇ ಕೇಳು ಎಂದಿದ್ದೇನೆ. ಅವಳಿಗೆ ಏನು ಹೇಳುವೆಯೆಂಬುದನ್ನು ಗುರುವಾರದೊಳಗೆ ಯೋಚಿಸಿಟ್ಟುಕೋ.

ನಿನ್ನ ತಂಗಿ